ಹಂದಿ ಹುರಿಯುವವನ ಸೊಪ್ಪಿನ ತಟ್ಟೆ

ತ್ರಾಂಗ್ ಪೇಟೆಯಲ್ಲಿ ಹುರಿದ ಹಂದಿ ಮಾರುವ ಕಿಯತ್‌ನನ್ನು ಗುಡಿಯವರು ಎಡಗೊಂಬಿನ ಕಿಯತ್ ಎನ್ನುತ್ತಿದ್ದರು. ಮಾಂಸ ಬಿಟ್ಟು ಬಿಳಿ ಬಟ್ಟೆ ಉಡುವ ಜೇ ಹಬ್ಬದಲ್ಲಿ ದೇವರ ಪಲ್ಲಕ್ಕಿಯ ಹಿಂದಿನ ಎಡಗೊಂಬು, ಅಂದರೆ ಹೊರುವ ಎಡಗಡೆಯ ದಂಡ, ಮದುವೆಗೆ ಮುಂಚಿನಿಂದಲೂ ಅವನ ಹೆಗಲ ಮೇಲೇ ಇತ್ತು. ಹೋದ ವರ್ಷ ಮಾತ್ರ ಗಡಿಯಾರ ಗೋಪುರದ ಬಳಿ ಅವನಿಗೆ ಏದುಸಿರು ಬಂದು ಮೂಲೆ ಕುಸಿಯಿತು. ದೇವರು ವಾಲಿದರು.

ಗುಡಿಯ ಹಿರಿಯ ಹೆಂಗ್, ಎಲ್ಲರ ಹೆಂಗಜ್ಜ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನ ಹೊಟ್ಟೆ ಹೊರೋದೇ ನಿಂಗೆ ಸಾಕಾಗಿದೆ ಮಾರಾಯ. ಮುಂದಿನ ವರ್ಷವೂ ಹಿಂಗೇ ಇದ್ರೆ ಊದುಬತ್ತಿ ಹಿಡ್ಕೊಂಡು ಹಿಂದೆ ಬಾ," ಎಂದ.

ಊದುಬತ್ತಿ ಹಿಡಿದು ಹಿಂದೆ ನಡೆಯುವವರು ಅಜ್ಜಿಯರು. ಕಿಯತ್‌ನಿಗೆ ಅವತ್ತು ಊಟ ಸೇರಲಿಲ್ಲ; ಅವನ ಮಟ್ಟಿಗೆ ಅದು ಊರಿಗೇ ಸುದ್ದಿಯಾಗುವಂಥ ಸಂಗತಿ.

ಹೊಸ ವರ್ಷ ಕಳೆದದ್ದೇ, ಹಬ್ಬಕ್ಕೆ ಕಾಯದೆ ಜೇ ಊಟ ಹಿಡಿದುಬಿಟ್ಟ. ಮಾಂಸವಿಲ್ಲ, ಮೀನಿಲ್ಲ, ಬೆಳ್ಳುಳ್ಳಿಯೂ ಇಲ್ಲ. ಜೇ ಅಂದರೆ ಶುದ್ಧ, ಶುದ್ಧವಾದದ್ದೆಲ್ಲ ಹಗುರ ಎಂದು ಊರೇ ನಂಬಿರುವಾಗ ಅವನೊಬ್ಬನದೇನು ತಪ್ಪು? ಕರಿದ ಕೆಸುವಿನ ಗಡ್ಡೆ, ಎಣ್ಣೆ ತೊಟ್ಟಿಕ್ಕುವ ನೂಡಲ್ಸ್, ಗೋಧಿ ಹಿಟ್ಟಿನಲ್ಲಿ ಬಾತುಕೋಳಿಯಂತೆಯೇ ಮಾಡಿ ಸಿಹಿ ಸಾರು ಸುರಿದದ್ದು, ಎಲ್ಲವನ್ನೂ ಪುಣ್ಯವೆಂದು ಎರಡೆರಡು ಸಲ ಹಾಕಿಸಿಕೊಂಡ. ಕೊನೆಗೊಂದು ದಿನ ಧೈರ್ಯ ಮಾಡಿ ಅಂಗಡಿಯಲ್ಲಿ ಹಂದಿ ತೂಗುವ ತಕ್ಕಡಿಯ ಮೇಲೆ ನಿಂತ. ಮುಳ್ಳು ಮೊದಲಿಗಿಂತಲೂ ಮುಂದೆ ಹೋಗಿತ್ತು.

ಹೆಂಡತಿ ಲಮೈ ನಕ್ಕೂ ನಕ್ಕೂ ಕೂತುಬಿಟ್ಟಳು. "ನೀನು ಹಂದಿ ಬಿಟ್ಟೆ, ಹಂದಿ ನಿನ್ನ ಬಿಡ್ಲಿಲ್ಲ ನೋಡು."

"ಮತ್ತೇನು ತಿನ್ಲಿ? ಗಾಳಿನಾ?"

ಲಮೈ ಮೇಜಿನ ಮೇಲಿದ್ದ ಹಸಿ ಸೊಪ್ಪಿನ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು. ದಿನಾ ಊಟಕ್ಕೆ ಇರುವ ತಟ್ಟೆಯೇ ಅದು. ಕಿಯತ್ ಮಾತ್ರ ಅದನ್ನು ಪಕ್ಕಕ್ಕೆ ಸರಿಸಿ ಮಾಂಸಕ್ಕೆ ಜಾಗ ಮಾಡುತ್ತ ಬಂದಿದ್ದ. ಗೇರುಮರದ ಚಿಗುರು, ಸೌತೆ, ಬೀನ್ಸ್, ಬೇಯಿಸಿದ ಕುಂಬಳ. ನಂಜಿಕೊಳ್ಳಲು ಸಿಗಡಿಯ ಬದಲು ಹುಳಿಬಂದ ಸೋಯಾ ಕಾಳು ಹಾಕಿ ಅರೆದ ಖಾರ, ಜೊತೆಗೆ ಕೆಂಪಕ್ಕಿಯ ಅನ್ನ, ಕರಿಯದ ತೋಫು.

"ನಾನೇನು ಎಮ್ಮೆನಾ?"

"ಎಮ್ಮೆಗೆ ಏದುಸಿರು ಬರೋದು ನೋಡಿದ್ದೀಯಾ? ಸುಮ್ನೆ ತಿನ್ನು."

ಮೊದಮೊದಲು ಮುಖ ಸಿಂಡರಿಸಿಕೊಂಡೇ ತಿಂದ. ಆಮೇಲೆ ಚಿಗುರಿನ ಒಗರು ನಾಲಿಗೆಗೆ ಹಿಡಿಯಿತು. ಖಾರಕ್ಕೆ ಸೌತೆ, ಸೌತೆಗೆ ಖಾರ ಎಂದು ತಟ್ಟೆ ಖಾಲಿಯಾಗುತ್ತಿತ್ತು, ಹೊಟ್ಟೆ ತುಂಬಿದರೂ ಭಾರವಾಗುತ್ತಿರಲಿಲ್ಲ. ಅವನ ಗೊರಕೆ ನಿಂತು ಲಮೈಗೂ ನಿದ್ದೆ ಸಿಕ್ಕಿತು. ಮಳೆ ಹಿಡಿಯುವ ಹೊತ್ತಿಗೆ ಮುಳ್ಳು ನಿಧಾನಕ್ಕೆ ಹಿಂದೆ ಸರಿಯತೊಡಗಿತು. ಕಿಯತ್ ಮಾತ್ರ ಗಿರಾಕಿಗಳಿಗೆ ಗರಿಗರಿ ಹಂದಿ ಕತ್ತರಿಸಿ ಕೊಡುತ್ತ, ಅವರೆದುರಿಗೇ ಸೊಪ್ಪು ಮೇಯುತ್ತಿದ್ದ. ವ್ಯಾಪಾರಕ್ಕೇನೂ ಪೆಟ್ಟು ಬೀಳಲಿಲ್ಲ.

ಹಬ್ಬದಲ್ಲಿ ಹೆಂಗಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿ, "ಗೋಪುರದ ತನಕ ಹೊತ್ಕೋ. ಅಲ್ಲಿ ನನ್ನ ಅಳಿಯ ಹೆಗಲು ಕೊಡ್ತಾನೆ," ಎಂದ. ಕಿಯತ್‌ನಿಗೆ ಅವಮಾನವಾಯಿತು, ಆದರೂ ಕೊಂಬಿಗೆ ಹೆಗಲು ಕೊಟ್ಟ. ಬಿಳಿ ಬಟ್ಟೆಯ ಜನ ವಾಡಿಕೆಯಂತೆ ಇಕ್ಕೆಲದಿಂದ ಪಲ್ಲಕ್ಕಿಯತ್ತ ಪಟಾಕಿ ಎಸೆದರು. ಹೊಗೆಯಲ್ಲಿ ಕಣ್ಣು ಉರಿಯಿತು, ಏದುಸಿರು ಮಾತ್ರ ಬರಲಿಲ್ಲ. ಗೋಪುರದ ಹತ್ತಿರ ಅಳಿಯ ತಲೆಗೆ ಟವೆಲ್ ಸುತ್ತಿ ಸಿದ್ಧವಾಗಿ ನಿಂತಿದ್ದ. ಮುಂದೆ ಬಂದು ಕೊಂಬಿಗೆ ಕೈಯನ್ನೂ ಹಾಕಿದ.

ಹೆಂಗಜ್ಜ ಪಲ್ಲಕ್ಕಿ ನೋಡಿದ. ದೇವರು ನೆಟ್ಟಗೆ ಕೂತಿದ್ದರು. ಅವನು ಅಳಿಯನ ಅಂಗಿ ಹಿಡಿದು ಹಿಂದಕ್ಕೆಳೆದು, ಕೈಗೊಂದು ಊದುಬತ್ತಿ ಕಟ್ಟು ತುರುಕಿದ.

"ಹೋಗಪ್ಪಾ, ಅಜ್ಜಿಯರ ಜೊತೆ ಬಾ."