ಮಗ್ಗದ ಪಕ್ಕದ ಬೆಚ್ಚನೆಯ ಪೆಟ್ಟಿಗೆ

ಆ ದಸರಾ ರಜೆಯಲ್ಲಿ ನಾನು ನೆಮ್ಮದಿಯಾಗಿ ಒಂದು ತುತ್ತು ಉಂಡಿದ್ದರೆ ಕೇಳಿ! ಅರವತ್ತರ ದಶಕ. ಹಿಂದೂಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ನೇಕಾರಿಕೆ ಮಾಡುತ್ತಿದ್ದ ಸೋದರತ್ತೆಯ ಮನೆಯಲ್ಲಿ ಊಟ, ವಾಸ. ಬೆಂಗಳೂರಿನ ನನ್ನ ಗುರುಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಟಗರಿನ ವೃಷಣದ ಜೀವಕೋಶಗಳನ್ನು ಸೀಸೆಯಲ್ಲಿ ಬದುಕಿಸಿ, ಅಲ್ಲಿಯೂ ಅವು ಗಂಡು ಹಾರ್ಮೋನು ತಯಾರಿಸುತ್ತವೆಂದು ರಜೆ ಮುಗಿಯುವುದರೊಳಗೆ ತೋರಿಸಬೇಕು. ಇಲ್ಲವಾದರೆ ನನ್ನ ಸಂಶೋಧನೆಯ ಸೀಟು ಬೇರೆಯವರಿಗೆ.

ಕಾಲೇಜಿಗೆ ಬೀಗ ಬಿದ್ದಿತ್ತು. ಸೀಸೆಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಅತ್ತೆಯ ಮಗ್ಗದ ಪಕ್ಕಕ್ಕೆ ತಂದೆ. ಕೆಳಗೊಂದು ಸೀಮೆಎಣ್ಣೆ ದೀಪ. ಒಳಗೆ ಟಗರಿನ ಮೈಬಿಸಿಗಿಂತ ತುಸು ಕಡಿಮೆ ಬಿಸಿ ಇರಬೇಕು, ಪೂರ್ತಿ ತಣ್ಣಗಾದರೆ ಕೋಶಗಳು ಸತ್ತವು. ಬತ್ತಿ ಏರಿಸು, ಬತ್ತಿ ಇಳಿಸು, ಇದೇ ನನ್ನ ಗೋಳು. ಅತ್ತೆಗೋ ಆ ಪೆಟ್ಟಿಗೆ ಕಂಡರೆ ಮುಜುಗರ. ಅದಕ್ಕೆ ಮರೆಯಾಗಿ ಹಳೇ ಸೀರೆ ಕಟ್ಟಿದ್ದಳು.

"ಯಾರಾದ್ರೂ ಕೇಳುದ್ರೆ ಮೊಟ್ಟೆ ಮರಿ ಮಾಡೋ ಪೆಟ್ಗೆ ಅನ್ನು ಕಣಪ್ಪ. ಟಗರಿನ ಬೀಜ ಅಂತ ಬಾಯ್ಬುಟ್ಟೀಯ, ಮಾನ ಹೋಯ್ತದೆ!"

ಹಾರ್ಮೋನು ಕಣ್ಣಿಗೆ ಕಾಣುವುದಿಲ್ಲವಲ್ಲ. ಬೀಜ ತೆಗೆದ ಹುಂಜದ ಜುಟ್ಟು ಬಿಳಿಚಿಕೊಂಡು ಮುದುಡುತ್ತದೆ. ಸೀಸೆಯ ದ್ರವ ಹಚ್ಚಿದಾಗ ಅದು ಮತ್ತೆ ಕೆಂಪಾಗಿ ಬೆಳೆದರೆ ನಾನು ಗೆದ್ದೆ. ಅಂಥ ಹುಂಜಗಳನ್ನು ಕಲ್ಯಾಣದುರ್ಗದ ದನದಾಸ್ಪತ್ರೆಯ ಕಾಂಪೌಂಡರಿಗೆ ಹೇಳಿ ಮೊದಲೇ ಸಿದ್ಧ ಮಾಡಿಸಿದ್ದೆ. ದೀಪ ಆರದಂತೆ ನೋಡಿಕೋ ಎಂದು ಅತ್ತೆಗೆ ಹೇಳಿ ಹೇಳಿ, ಹಬ್ಬದ ಹಿಂದಿನ ದಿನ ಬಸ್ಸು ಹತ್ತಿದೆ.

ಹುಂಜಗಳೇನೋ ಸಿಕ್ಕವು. ಮರುದಿನ ವಾಪಸಾಗೋಣವೆಂದರೆ ಬಸ್ಸಿಗೂ ಆಯುಧಪೂಜೆಯಂತೆ! ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತೇ ಇತ್ತು. ನಾನು ನಿಲ್ದಾಣಕ್ಕೂ ಆಸ್ಪತ್ರೆಗೂ ಸುತ್ತಿದ್ದೇ ಸುತ್ತಿದ್ದು.

"ಎಂದುಕು ಸಾರ್ ಅಂತ ತೊಂದರ?" ಎಂದು ಕಾಂಪೌಂಡರ್ ನಕ್ಕ. ಅವಸರವೇಕಂತೆ! ಅವನಿಗೇನು ಗೊತ್ತು ನನ್ನ ಸಂಕಟ.

ಮಾರನೆಯ ದಿನ ಹುಂಜದ ಬುಟ್ಟಿ ಹೊತ್ತು ಮನೆಯೊಳಗೆ ಕಾಲಿಟ್ಟರೆ ಸೀರೆಯ ಮರೆ ಇಲ್ಲ. ಪೆಟ್ಟಿಗೆ ನಡುಮನೆಯಲ್ಲಿ, ಮಗ್ಗದ ಸಾಮಾನಿನ ಜೊತೆ. ಮೈತುಂಬ ವಿಭೂತಿ, ಕುಂಕುಮ, ಹೂವು. ದೀಪ ಆರಿತ್ತು. ಸೀಸೆಗಳನ್ನು ಮುಟ್ಟಿದೆ, ತಣ್ಣಗಿದ್ದವು. ತಳಕ್ಕೆ ಅಂಟಿರಬೇಕಾದ ಕೋಶಗಳು ಬಿಟ್ಟುಕೊಂಡು ತೇಲುತ್ತಿದ್ದವು.

"ಕೊಂದ್ಬುಟ್ಯಲ್ಲತ್ತೆ!" ಎಂದು ಕಿರುಚಿದೆ.

ಅತ್ತೆ ಬೆಚ್ಚಿದಳು. "ಆಯುಧಪೂಜೆ ದಿನ ಯಾವ ಸಾಮಾನಿಗೂ ಕೆಲಸ ಹೇಳ್ಬಾರ್ದು ಕಣಪ್ಪ. ಮಗ್ಗ ನಿಲ್ಸುದ್ವಿ, ಲಾಳಿ ಇಳ್ಸುದ್ವಿ. ನಿನ್ ಪೆಟ್ಗೆ ಒಂದೇ ದುಡೀತಾ ಇರ್ಬೇಕಾ ಅಂತ ದೀಪ ಆರ್ಸಿ ರಜ ಕೊಟ್ಟೆ."

"ಪೂಜೆಗೆ ಬೀದಿಯೋರೆಲ್ಲ ಬಂದಿದ್ರಲ್ಲ, ಅವ್ರಿಗೆ ಮೊಟ್ಟೆ ಪೆಟ್ಗೆ ಅಂದ್ಯಾ?" ಎಂದೆ, ಚುಚ್ಚಬೇಕೆಂದೇ.

"ಪೂಜೆಗಿಟ್ಟ ಸಾಮಾನಿನ ಮುಂದೆ ಸುಳ್ಳು ಹೇಳಕ್ಕಾಯ್ತದಾ? ಟಗರಿನ ಬೀಜದ್ದು, ನಮ್ಮುಡುಗನ ಕಸುಬು ಅಂದೆ."

ಹೆತ್ತ ಅಪ್ಪನೂ ನನ್ನ ಕೆಲಸವನ್ನು ಕಸುಬು ಎಂದವನಲ್ಲ. ಸೀಟು ಹೋಯಿತೆಂದು ಆ ಕ್ಷಣವೇ ಗೊತ್ತಾಗಿತ್ತು, ಹೋಗಿಯೂ ಹೋಯಿತು. ಅತ್ತೆ ದೀಪಕ್ಕೆ ಸೀಮೆಎಣ್ಣೆ ಹೊಯ್ದು, ಬತ್ತಿ ಹಚ್ಚಿ, ಪೆಟ್ಟಿಗೆಯ ಕೆಳಗಿಟ್ಟಳು. ಇನ್ನು ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ನಾನು ಬಗ್ಗಿ ಬತ್ತಿಯನ್ನು ತುಸು ಇಳಿಸಿದೆ.