ಕೋಗಿಲಿನ ಗೋಡೆಯ ಮಚ್ಚೆ

ನಯಾಪೈಸೆ ಬರುವುದಕ್ಕೆ ಮುಂಚಿನ ಮಾತು. ಫೆಬ್ರವರಿಯ ಒಂದು ಬೆಳಿಗ್ಗೆ ಯಶವಂತಪುರದಲ್ಲಿ ಮೂರಾಣೆ ಟಿಕೆಟ್ ಕೊಂಡು ಯಲಹಂಕದ ರೈಲು ಹತ್ತಿದೆ. ನಾನಾಗ ನಮ್ಮ ಕ್ರೈಸ್ತ ಸಭೆಯ ಉಪದೇಶಿ. ಕೋಗಿಲು ಹಳ್ಳಿಯ ವಿಧವೆ ರಾಹೇಲಮ್ಮನ ಗೋಡೆಯಲ್ಲಿ ಮಚ್ಚೆ ಎದ್ದಿದೆ, ಬಂದು ನೋಡಬೇಕು ಎಂದು ಅವಳ ಮೈದುನ ದಾವಿದಪ್ಪ ಹೇಳಿಕಳಿಸಿದ್ದ. ಗಾರೆಯವನನ್ನು ಕರೆಯೋದು ಬಿಟ್ಟು ನನ್ನನ್ಯಾಕಪ್ಪಾ ಅಂತ ದಾರಿಯುದ್ದಕ್ಕೂ ಗೊಣಗಿಕೊಂಡೆ.

ಯಲಹಂಕದಿಂದ ಎರಡು ಮೈಲಿ ನಡಿಗೆ. ಮೂರು ತಿಂಗಳಿಂದ ಹನಿ ಮಳೆಯಿಲ್ಲ, ಪಂಚೆಯೆಲ್ಲ ಕೆಂಧೂಳು. ಹೋಗಿ ನೋಡಿದರೆ ಒರಳುಕಲ್ಲು, ಟ್ರಂಕು, ಮಂಚ ಎಲ್ಲ ಹೊಂಗೆ ಮರದಡಿ! ಬಾಗಿಲಿಗೆ ಏಳು ದಿನದಿಂದ ಬೀಗ.

ಆಗ ತಿಳಿಯಿತು. ಗೋಡೆಯಲ್ಲಿ ಹಸಿರೋ ಕೆಂಪೋ ಗೆರೆ ಕಂಡರೆ ಮನೆ ಬರಿದುಮಾಡಿ ಏಳು ದಿನ ಮುಚ್ಚಬೇಕು, ಯಾಜಕ ಬಂದು ನೋಡಬೇಕು, ಕೆರೆದು ಮೆತ್ತಿದ ಮೇಲೂ ಮರಳಿದರೆ ಮನೆಯನ್ನೇ ಕೆಡವಬೇಕು. ಮುಚ್ಚಿದ ಮನೆಗೆ ಹೊಕ್ಕವನು ಸಂಜೆವರೆಗೂ ಅಶುದ್ಧ. ಮೋಶೆ ಹಳೇ ಕಾಲದ ಯೆಹೂದ್ಯರಿಗೆ ಕೊಟ್ಟ ನಿಯಮ ಇದು. ದಾವಿದಪ್ಪ ಒಂದಕ್ಷರ ಬಿಡದೆ ಪಾಲಿಸಿದ್ದ. ಬೀಗ ಹಾಕುವ ಮೊದಲೇ ಕೆರೆದು ಮೆತ್ತಿದ್ದೂ ಆಗಿತ್ತು, ಮಚ್ಚೆ ಮರಳಿತ್ತು. ಮನೆ ಶುದ್ಧವಾದರೆ ಒಂದನ್ನು ಕೊಂದು ಒಂದನ್ನು ಹಾರಿಬಿಡಬೇಕೆಂದು ಎರಡು ಪಾರಿವಾಳವನ್ನೂ ಬುಟ್ಟಿಯಲ್ಲಿಟ್ಟಿದ್ದ. ಯಾಜಕನ ಜಾಗಕ್ಕೆ ನಾನು! ಹೂಂ ಅಂದರೆ ಗುದ್ದಲಿ ಬೀಳುತ್ತಿತ್ತು.

ರಾಹೇಲಮ್ಮ ಬೀಗ ತೆಗೆದಳು, ಒಳಗೆ ಹೊಕ್ಕೆ. ಮಚ್ಚೆ, ಕೂತ ಮನುಷ್ಯನ ತಲೆಯೆತ್ತರಕ್ಕಿತ್ತು.

"ನಮ್ಮನೆಯವ್ರು ಒರಗಿ ಕೂರ್ತಿದ್ದ ಜಾಗ, ಸ್ವಾಮಿ. ಇದೂ ಓದ್ರೆ ನಂಗೇನೈತೆ?" ಅಂದಳು.

ಅಯ್ಯೋ ಅನ್ನಿಸಿತು. ಬರೀ ತೇವ ಎಂದು ತೋರಿಸಲು ಅಂಗೈ ಊರಿದೆ. ತೇವವಿರಲಿಲ್ಲ. ಗೋಡೆ ಬೆಚ್ಚಗಿತ್ತು, ಆಗತಾನೆ ಯಾರೋ ಒರಗಿ ಎದ್ದುಹೋದ ಹಾಗೆ. ಪಕ್ಕದಲ್ಲೇ ಮುಟ್ಟಿದೆ, ತಣ್ಣಗಿತ್ತು. ಸುಳ್ಳೇಕೆ, ಕೈ ಹಿಂತೆಗೆದು ಪಂಚೆಗೆ ಒರೆಸಿಕೊಂಡೆ.

ಆದರೂ ಅಂಗಳಕ್ಕೆ ಬಂದು ಉಪದೇಶ ಮಾಡಿದೆ. ಆ ನಿಯಮಗಳೆಲ್ಲ ಮುಂದೆ ಬರಲಿದ್ದುದರ ಬರೀ ನೆರಳು. ಕೊಲ್ಲುವ ಹಕ್ಕಿ ಕರ್ತನ ಮರಣ, ಹಾರಿಬಿಡುವ ಹಕ್ಕಿ ಆತನ ಪುನರುತ್ಥಾನ. ಎಲ್ಲ ನೆರವೇರಿದ ಮೇಲೆ ಮೈಲಿಗೆ ಇರುವುದು ಮನಸ್ಸಿನಲ್ಲಿ, ಗೋಡೆಯಲ್ಲಲ್ಲ, ಎಂದೆ. ಬುಟ್ಟಿ ತೆರೆದೆ. ಎರಡು ಪಾರಿವಾಳವೂ ಆ ಮನೆಯ ಸೂರನ್ನು ಬಿಟ್ಟು ಪಕ್ಕದ ಮನೆಯ ಸೂರಿಗೆ ಹೋಗಿ ಕೂತವು.

ರಾಹೇಲಮ್ಮನ ಮುಖ ಅರಳಿತು. ಏಳು ದಿನದ ಮೇಲೆ ಒಳಗೆ ಒಲೆ ಹಚ್ಚಿ ಕಾಫಿ ಕಾಸಿದಳು, ಗೋಡೆಯ ಪಕ್ಕವೇ ಚಾಪೆ ಹಾಸಿ ಕರೆದಳು. ಹೊಸ್ತಿಲ ತನಕ ಹೋದೆ, ಮತ್ತೆ ಒಳಗಿಡಲು ಕಾಲು ಏಳಲಿಲ್ಲ. ಈಗತಾನೆ ಯಲಹಂಕದಲ್ಲಿ ಕುಡಿದು ಬಂದೆನಮ್ಮ, ಅಂದೆ.

ದಾವಿದಪ್ಪ ಮೆಲ್ಲಗೆ, "ನೀವೇ ಒಳೀಕ್ ಓಗ್ಲಿಲ್ವಲ್ಲ, ಉಪದೇಶಿಗಳೇ," ಅಂದ.

ರಾಹೇಲಮ್ಮ ಲೋಟದ ಕಾಫಿಯನ್ನು ಹೊಂಗೆಯ ಬುಡಕ್ಕೆ ಚೆಲ್ಲಿ, ಗುದ್ದಲಿಯನ್ನು ತಾನೇ ತಂದು ಮೈದುನನ ಕೈಗೆ ಕೊಟ್ಟಳು. ಬೇಡ ಎನ್ನದೆ ನಾನು ಸ್ಟೇಷನ್ನಿನ ದಾರಿ ಹಿಡಿದೆ. ಊರ ತುದಿಯಿಂದ ತಿರುಗಿ ನೋಡಿದಾಗ ಹೆಂಚುಗಳು ಇಳಿಯುತ್ತಿದ್ದವು.

ನಾಲ್ಕು ಗಂಟೆಗೆ ಯಶವಂತಪುರದ ಮನೆ ತಲುಪಿದೆ. ಹಿತ್ತಲ ನಲ್ಲಿಯಲ್ಲಿ ಎಷ್ಟು ತೊಳೆದರೂ ಅಂಗೈಯ ಬಿಸಿ ಹೋಗಲಿಲ್ಲ. ಯಾಕ್ರೀ ಅಲ್ಲೇ ನಿಂತ್ರಿ, ಒಳಗೆ ಬನ್ನಿ ಎಂದು ಹೆಂಡತಿ ಕರೆದಳು. ಹೊತ್ತು ಮುಳುಗುವವರೆಗೂ ನಾನು ಹೊರಗೇ ನಿಂತಿದ್ದೆ.