ಸಿಹಿಯಿಲ್ಲದ ಸೀಮಂತ

ನಾನು ದಪ್ಪ. ಈಗಲೂ ದಪ್ಪ, ಆಗಲೂ ದಪ್ಪ. ಅರವತ್ತರ ದಶಕದ ಶುರುವಿನಲ್ಲಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದಾಗ ಅದು ಯಾರಿಗೂ ದೋಷವಾಗಿ ಕಂಡಿರಲಿಲ್ಲ. ನಮ್ಮತ್ತೆಗಂತೂ ಅದೊಂದು ಹೆಮ್ಮೆ. ನಲ್ಲಿಯ ಹತ್ತಿರ ಯಾರಾದರೂ ಸಿಕ್ಕರೆ, "ನಮ್ಮನೆ ಅನ್ನ ಅವಳ ಮೈಗೆ ಹತ್ತಿದೆ ನೋಡಿ" ಎನ್ನುತ್ತಿದ್ದರು. ನಾಲೆಯ ನೀರು ಹರಿದ ಮೇಲೆ ಊರ ಸುತ್ತ ಕಬ್ಬೋ ಕಬ್ಬು. ಆಲೆಮನೆಯಿಂದ ಜೋನಿಬೆಲ್ಲ ತರಿಸಿ, ದೋಸೆ ಕಾಣದಷ್ಟು ಸುರಿದು, ನಾನು ತಿನ್ನುವುದನ್ನು ಎದುರಿಗೆ ಕೂತು ನೋಡುವುದೇ ಅವರಿಗೆ ಸಂತೋಷ. ನನಗೂ ಬೇಡ ಅನ್ನುವ ಅಭ್ಯಾಸ ಇರಲಿಲ್ಲ.

ಮೊದಲ ಹೆರಿಗೆ ಮನೆಯಲ್ಲೇ ಆಯಿತು. ಗಂಡು ಮಗು. ಸೂಲಗಿತ್ತಿ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇಷ್ಟು ದೊಡ್ಡ ಕೂಸನ್ನು ತಾನು ಕಂಡೇ ಇಲ್ಲ ಎಂದಳು. ತುಂಬಿದ ಕೆನ್ನೆ, ಕುತ್ತಿಗೆಯೇ ಕಾಣದಂಥ ಮೈ. ಆದರೆ ಹಾಲು ಕುಡಿಯಲಿಲ್ಲ, ಸರಿಯಾಗಿ ಅಳಲೂ ಇಲ್ಲ. ಮಲಗಿದ್ದು ಮಲಗಿದ ಹಾಗೇ ಮರುದಿನ ಹೋಗಿಬಿಟ್ಟಿತು. ಅಷ್ಟು ಚೆಂದದ ಮಗುವಿಗೆ ದೃಷ್ಟಿಯಾಯಿತು ಎಂದರು. ನಾನೂ ನಂಬಿದೆ. ಬೇರೆ ಏನನ್ನು ನಂಬುವುದು?

ಎರಡನೆಯ ಸಲ ಬಸುರಿಯಾದಾಗ ನಮ್ಮವರು ಹಠ ಹಿಡಿದು ಶಿವಮೊಗ್ಗದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆಯೂ ಜೊತೆಗೆ ಬಂದರು. ಡಾಕ್ಟರು ಗಾಜಿನ ನಳಿಗೆಯಲ್ಲಿ ಒಂದು ನೀಲಿ ಔಷಧಕ್ಕೆ ನನ್ನ ಮೂತ್ರದ ತೊಟ್ಟು ಹಾಕಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು. ಮೊದಲ ಮಗುವಿನ ವಿಷಯ ಕೇಳಿ ತಿಳಿದುಕೊಂಡರು.

"ನಿಮಗೆ ಸಕ್ಕರೆ ಕಾಯಿಲೆ ಇದೆ ಕಣಮ್ಮ. ಬಸುರಲ್ಲಿ ಮೈಯೂ ಭಾರ, ಸಕ್ಕರೆಯೂ ಜಾಸ್ತಿ ಅಂದ್ರೆ ಮಗು ಊದಿ ಬೆಳೆಯುತ್ತೆ. ನೋಡೋಕೆ ಗುಂಡಗಿರುತ್ತೆ, ತ್ರಾಣ ಇರಲ್ಲ. ಆ ಮಗುವಿಗೆ ಆಗಿದ್ದು ದೃಷ್ಟಿ ಅಲ್ಲ," ಎಂದರು.

ಭದ್ರಾವತಿಯಲ್ಲಿ ಬಸ್ಸಿಳಿದ ಅತ್ತೆ ಮನೆಗೆ ಬಂದವರೇ ಜೋನಿಬೆಲ್ಲದ ಡಬ್ಬ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ತಮಿಳಮ್ಮನಿಗೆ ಕೊಟ್ಟುಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ವನವಾಸ. ಅರ್ಧ ಮುದ್ದೆ, ಹುರುಳಿ ಸಾರು, ಸೊಪ್ಪು, ಹಾಗಲಕಾಯಿ, ಮಜ್ಜಿಗೆ. ಬೆಳಿಗ್ಗೆ ಕಾಂಪೌಂಡರು ಬಂದು ಚುಚ್ಚುವ ಇನ್ಸುಲಿನ್. ಸಂಜೆ ನಾಲೆ ಏರಿಯ ಮೇಲೆ ನಡಿಗೆ. ಹಿಂದೆ ಅತ್ತೆ, ದನ ಹೊಡೆದುಕೊಂಡು ಬರುವವರ ಹಾಗೆ. ನಮ್ಮವರು ಆ ನೀಲಿ ಔಷಧವನ್ನೂ ನಳಿಗೆಯನ್ನೂ ತಂದು ಮನೆಯಲ್ಲೇ ಪರೀಕ್ಷೆ ಮಾಡುವುದನ್ನು ಕಲಿತರು. ಉಚ್ಚೆ ಕಾಯಿಸುವುದಕ್ಕೆ ಅಡುಗೆಮನೆಯ ಒಲೆ ಸಿಗುವ ಮಾತೇ ಇರಲಿಲ್ಲ. ಬಚ್ಚಲ ಮೂಲೆಯಲ್ಲಿ ಒಂದು ಸ್ಪಿರಿಟ್ ದೀಪ. ಮೊದಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದ ಅತ್ತೆ ಬರಬರುತ್ತಾ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಚ್ಚಲಿಗೆ ಬಂದು ಇಣುಕತೊಡಗಿದರು. "ಏನೋ, ನೀಲಿ ನಿಂತಿದ್ಯಾ?" ನಿಂತಿದ್ದರೆ ಅವತ್ತು ಮನೆಯಲ್ಲಿ ಹಬ್ಬ. ಹಸಿರಿಗೆ ತಿರುಗಿದರೆ ನನ್ನ ವಿಚಾರಣೆ. "ಯಾರ ಮನೇಲಿ ಏನು ತಿಂದ್ಯೇ ಮಾರಾಯ್ತಿ?" ಪೊಲೀಸರಾದರೂ ಬೀಡಿ ಸೇದುವಷ್ಟು ಹೊತ್ತು ಬಿಟ್ಟಾರು, ಈಕೆ ಬಿಡುತ್ತಿರಲಿಲ್ಲ. ನನಗೆ ಕೋಪ ಉಕ್ಕಿ ಬರುತ್ತಿತ್ತು. ಆದರೆ ನನ್ನ ಜೊತೆ ಅವರೂ ಸಿಹಿ ಬಿಟ್ಟಿದ್ದರು, ಕಾಫಿಗೂ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಅಂಥವರ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಂಡಿರುವುದು?

ಸೀಮಂತಕ್ಕೆ ಕರೆಯಲು ಹೋದಾಗ ಅತ್ತೆ ಪ್ರತಿ ಮನೆಯಲ್ಲೂ "ಬನ್ನಿ, ಆದ್ರೆ ಸಿಹಿ ತರಬೇಡಿ" ಎಂದು ಹೇಳಿ ಬಂದಿದ್ದರು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆದರೂ ಮಾತು ಮೀರಲಿಲ್ಲ. ತಮಿಳಮ್ಮ ಕಡಲೆ ಸುಂಡಲ್ ತಂದರು, ಎದುರು ಮನೆಯ ಬಸ್ ಡ್ರೈವರ್ ಸಾಹೇಬರ ಹೆಂಡತಿ ಮೆಣಸು ಹಾಕಿ ಹುರಿದ ಕಡಲೆಕಾಯಿ ಬೀಜ, ಇನ್ಯಾರೋ ಕೋಸಂಬರಿ. ಮಡಿಲಿಗೆ ಹಾಗಲಕಾಯಿ ತುಂಬಿದವರೂ ಇದ್ದರು. ನಕ್ಕು ನಕ್ಕು ನನ್ನ ಮೊಗ್ಗಿನ ಜಡೆ ಸಡಿಲವಾಯಿತು.

ಅಷ್ಟರಲ್ಲಿ ಶಿವಮೊಗ್ಗದಿಂದ ನನ್ನ ಅಮ್ಮ ಬಂದಿಳಿದರು, ಬುಟ್ಟಿ ತುಂಬ ಚಿರೋಟಿ, ಲಾಡು. ಮಗಳ ಸೀಮಂತಕ್ಕೆ ತವರಿನವರು ಬರಿಗೈಯಲ್ಲಿ ಬರುವುದುಂಟೇ? ಅತ್ತೆ ಬಾಗಿಲಲ್ಲೇ ಬುಟ್ಟಿ ಇಳಿಸಿಕೊಂಡು, ಹಂಚುವುದಕ್ಕೆ ಬೀದಿಯ ಮಕ್ಕಳನ್ನು ಕೂಗಿ ಕರೆದರು. ಅಮ್ಮನ ಮುಖ ಕೆಂಪಾಯಿತು.

"ಬಸುರಿ ಬಯಕೆ ತೀರಿಸದಿದ್ರೆ ಮಗು ಕಿವಿ ಸೋರುತ್ತೆ ಅಂತಾರೆ. ನಿಮಗೆ ಗೊತ್ತಿಲ್ವಾ ಬೀಗ್ತಿ?"

"ಸೋರಲಿ ಬಿಡಿ," ಎಂದರು ಅತ್ತೆ. "ಕಿವಿ ಸೋರೋಕಾದ್ರೂ ಮಗು ಬದುಕಿರಬೇಕಲ್ಲ."

ಅಮ್ಮ ಬುಟ್ಟಿಯ ಹತ್ತಿರ ಹೋಗಿ ತಾವೇ ಮಕ್ಕಳ ಕೈಗೆ ಒಂದೊಂದು ಲಾಡು ಹಾಕತೊಡಗಿದರು. ಆಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡು ಹೇಳಿದವರೂ ಅವರೇ.

ದಿನ ತುಂಬುವ ಮೊದಲೇ ಡಾಕ್ಟರು ನನ್ನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿಕೊಂಡರು. ಒಂದು ಬೆಳಿಗ್ಗೆ ಮಗ ಹುಟ್ಟಿದ. ದೊಡ್ಡವನೇ, ಆದರೆ ಮೊದಲನೆಯವನಷ್ಟಲ್ಲ, ಹುಟ್ಟುತ್ತಲೇ ಅತ್ತ. ನಾವೆಲ್ಲ ಗೆದ್ದೆವು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಕೈಕಾಲು ಸಣ್ಣಗೆ ನಡುಗಿದವು. ಹಾಲಿಗೆ ಬಾಯಿ ತೆರೆಯದೆ ಅತ್ತೆಯ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡ. ಆ ಸುಮ್ಮನಿರುವಿಕೆಯನ್ನು ನಾನು ಒಮ್ಮೆ ಕಂಡಿದ್ದೆ.

ನರ್ಸು ಒಂದು ಬಟ್ಟಲು, ಚಮಚ ಹಿಡಿದು ಓಡಿಬಂದಳು. ಅದೇನೆಂದು ಅತ್ತೆ ಕೇಳಿದರು.

"ಗ್ಲೂಕೋಸು ಅಜ್ಜಿ. ಸಕ್ಕರೆ ನೀರು ಅಂದ್ಕೊಳ್ಳಿ."

ಅತ್ತೆ ಮಗುವನ್ನು ಎದೆಗೊತ್ತಿಕೊಂಡು ಎದ್ದು ನಿಂತರು. "ಸಕ್ಕರೆನಾ? ಹತ್ತಿರ ಬಂದ್ರೆ ನೋಡು. ಇದರ ತಾಯಿ ಬಾಯಿಗೇ ಒಂದು ಹರಳು ಬೀಳದ ಹಾಗೆ ಕಾದಿದೀನಿ, ಈ ಕೂಸಿಗೆ ಕೊಡೋಕೆ ಬಿಡ್ತೀನಾ?" ನರ್ಸು ಬಲಕ್ಕೆ ಬಂದರೆ ಅತ್ತೆ ಎಡಕ್ಕೆ, ಮಂಚದ ಸುತ್ತ ಇಬ್ಬರದೂ ಕೋಲಾಟ. ಮಲಗಿದಲ್ಲಿಂದ ನಾನೂ ಕೂಗಿದೆ, ಯಾರ ಪರವೋ ನನಗೇ ಗೊತ್ತಿರಲಿಲ್ಲ.

ಗದ್ದಲ ಕೇಳಿ ಡಾಕ್ಟರು ಬಂದರು. ಬೈಯಲಿಲ್ಲ, ಅತ್ತೆಯ ಭುಜ ಹಿಡಿದು ಹೇಳಿದರು. "ತಾಯಿಯಿಂದ ಸಕ್ಕರೆ ಜಾಸ್ತಿ ಬರ್ತಿತ್ತಲ್ಲ, ಅದನ್ನ ಕರಗಿಸೋದನ್ನ ಮಗು ಹೊಟ್ಟೆಯಲ್ಲೇ ಕಲಿತಿದೆ. ಈಗ ಹೊಕ್ಕುಳಬಳ್ಳಿ ಕತ್ತರಿಸಿದೀವಿ, ಬರೋದು ನಿಂತಿದೆ. ಇದರ ಮೈ ಇನ್ನೂ ಕರಗಿಸ್ತಾನೇ ಇದೆ. ನೀವು ಕಾದಿದ್ದಕ್ಕೇ ಮಗು ಇಷ್ಟು ಗಟ್ಟಿ ಹುಟ್ಟಿರೋದು. ಈಗ ಮಾತ್ರ ಸಕ್ಕರೆ ಬೇಕು, ತಡ ಮಾಡಬೇಡಿ."

ಅತ್ತೆ ಡಾಕ್ಟರ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಕೂತರು. ತಾವೇ ಚಮಚಕ್ಕೆ ಕೈ ಚಾಚಿದರು. ಮೊದಲ ತೊಟ್ಟು ಕಟವಾಯಿಯಿಂದ ಹೊರಗೆ ಹರಿಯಿತು. ಮುಂದಿನದು ಗಂಟಲಿಗಿಳಿಯಿತು. ನರ್ಸು ಕೆನ್ನೆ ತಟ್ಟುತ್ತಾ, ಅತ್ತೆ ತೊಟ್ಟು ತೊಟ್ಟಾಗಿ ಬಿಡುತ್ತಾ ಬಹಳ ಹೊತ್ತು ಕೂತರು. ಮಗುವಿನ ನಡುಕ ನಿಂತಿತು. ಆಮೇಲೆ ಅವನು ಮುಖ ಕಿವುಚಿ, ಕಾಲು ಝಾಡಿಸಿ, ಇಡೀ ವಾರ್ಡು ತಿರುಗಿ ನೋಡುವಂತೆ ಅತ್ತ. ಅಷ್ಟು ಇಂಪಾದ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮವರು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

"ಕೊಡಿ ಇಲ್ಲಿ ನನ್ನ ಮಗನ್ನ," ಎಂದು ನಾನು ಕೈ ಚಾಚಿದೆ.

ಅತ್ತೆ ಕೊಡಲಿಲ್ಲ. ಅಳುವ ಬಾಯನ್ನೇ ನೋಡುತ್ತಾ, "ತಾಳೇ ಮಾರಾಯ್ತಿ," ಎಂದರು. "ಇನ್ನೊಂದು ಚಮಚ ಸಕ್ಕರೆ ಕುಡೀಲಿ."